ಮಕ್ಕಳ ಕುದುರೆ ಸವಾರಿ ಕ್ಲಾಸಿಗೆ ಹಂತಗಳನ್ನು ಹೇಗೆ ಮಾಡೋದು? ‘ಬಿಗಿನರ್, ಇಂಟರ್‌ಮೀಡಿಯೆಟ್’ ಸಾಲುತ್ತಿಲ್ಲ

ಲಾಯದ ಲೆಕ್ಕ (ಪ್ರಶ್ನೆ)

ಬೆಂಗಳೂರಿನ ಹೊರವಲಯದ ಒಂದು ಸಣ್ಣ ರೈಡಿಂಗ್ ಸ್ಕೂಲಿಗೆ ಹಂತಗಳ ಪಟ್ಟಿ ಮಾಡಬೇಕಾಗಿದೆ. ಏಳು ಕುದುರೆ ಇವೆ: ನಾಲ್ಕು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್, ಒಂದು ಮಾರ್ವಾಡಿ, ಎರಡು ಪೋನಿ (ಸುಮಾರು 12 ಹ್ಯಾಂಡ್, ಅಂದರೆ ಭುಜದ ಹತ್ತಿರ 122 ಸೆಂಟಿಮೀಟರ್ ಎತ್ತರ). ಮಕ್ಕಳು 6ರಿಂದ 14 ವರ್ಷದವರು, ವಾರಕ್ಕೆ ಎರಡು ಕ್ಲಾಸ್. ಇಬ್ಬರು ಇನ್‌ಸ್ಟ್ರಕ್ಟರ್, ಮೂವರು ಸೈಸ್ (ಕುದುರೆ ನೋಡಿಕೊಳ್ಳೋರು). 20×40 ಮೀಟರ್ ಅರೀನಾ, ಪಕ್ಕದಲ್ಲೊಂದು ದುಂಡು ಆವರಣ.

ಈಗಿರುವ ಪದ್ಧತಿ ಅಂದರೆ 12 ಕ್ಲಾಸಿನ ಪ್ಯಾಕೇಜ್ ಮುಗಿದರೆ ಮುಂದಿನ ಹಂತ. ಹಂತ ಅನ್ನೋದು ಫೀಸ್ ಕಟ್ಟಿದ ರಸೀದಿ ಆಗಿಬಿಟ್ಟಿದೆ. ಒಬ್ಬ ಹುಡುಗಿ ಒಂದು ವಯಸ್ಸಾದ ಹೆಣ್ಣು ಕುದುರೆ ಮೇಲೆ ಚೆನ್ನಾಗಿ ರೈಸಿಂಗ್ ಟ್ರಾಟ್ (ಕುದುರೆಯ ಸಣ್ಣ ಓಟದ ತಾಳಕ್ಕೆ ಎದ್ದು ಕೂರೋದು) ಮಾಡ್ತಾಳೆ, ಬೇರೆ ಕುದುರೆ ಕೊಟ್ಟರೆ ಅದು ನಿಂತ ಜಾಗದಿಂದ ಅಲ್ಲಾಡಲ್ಲ. ಇನ್ನೊಬ್ಬ ಯಾವ ಕುದುರೆ ಕೊಟ್ಟರೂ ನಡೆಸ್ತಾನೆ, ಆದರೆ ಜೀನು ಕಟ್ಟೋಕೆ ಬರಲ್ಲ, ಇಳಿದ ತಕ್ಷಣ ಲಗಾಮು ಸೈಸ್ ಕೈಗೆ ಕೊಟ್ಟು ಹೊರಟುಬಿಡ್ತಾನೆ. ಇಬ್ಬರೂ ನಮ್ಮ ರಿಜಿಸ್ಟರಿನಲ್ಲಿ ‘ಇಂಟರ್‌ಮೀಡಿಯೆಟ್’. ಅಪ್ಪ ಅಮ್ಮಂದಿರದು ಒಂದೇ ಪ್ರಶ್ನೆ: ಕ್ಯಾಂಟರ್ (ಟ್ರಾಟಿಗಿಂತ ಜೋರಾದ ಓಟ) ಯಾವಾಗ?

ಎಷ್ಟು ಹಂತ ಇರಬೇಕು, ಒಂದೊಂದರಲ್ಲೂ ಪಾಸ್ ಅನ್ನೋಕೆ ಏನನ್ನು ನೋಡಬೇಕು, ಲಾಯದ ಕೆಲಸವನ್ನು ಎಷ್ಟು ಸೇರಿಸಬೇಕು, ಜಂಪಿಂಗ್ ಎಲ್ಲಿ ಬರಬೇಕು? ಹೊರದೇಶದ ಪಟ್ಟಿಯನ್ನೇ ತಗೊಂಡು ಇಲ್ಲಿ ನಡೆಸಬಹುದಾ? ಕಲಿಸೋರು ಹೇಳಿ.

---

ಹೊರಗಿನ ಲಗಾಮು

ವಾಕ್ ಒಂದು ಹಂತ, ಟ್ರಾಟ್ ಒಂದು ಹಂತ, ಕ್ಯಾಂಟರ್ ಒಂದು ಹಂತ ಅಂತ ಮಾಡಬೇಡಿ. ಎಲ್ಲ ಎಡವಟ್ಟು ಅಲ್ಲಿಂದಲೇ ಶುರು. ಮಗು ಏನೂ ಮಾಡದೆ ಕೂತಿದ್ದರೂ ಮುಂದಿನ ಕುದುರೆ ಓಡಿದರೆ ಹಿಂದಿನದು ಓಡುತ್ತೆ. ಅದನ್ನು ನೋಡಿ ‘ಟ್ರಾಟ್ ಬಂತು’ ಅಂತ ಬರೆದುಕೊಂಡರೆ ಕುದುರೆಗೆ ಮಾರ್ಕ್ಸ್ ಕೊಟ್ಟ ಹಾಗೆ.

ಹಂತ ಕಟ್ಟಬೇಕಾದ್ದು ದೊಡ್ಡವರ ಸಹಾಯ ಎಷ್ಟು ಕಳಚಿದೆ ಅನ್ನೋದರ ಮೇಲೆ. ಮೊದಲು ಸೈಸ್ ಕೈಯಲ್ಲಿ ಹಗ್ಗ. ಆಮೇಲೆ ಇನ್‌ಸ್ಟ್ರಕ್ಟರ್ ಕೈಯಲ್ಲಿ ಲಂಜ್ ಹಗ್ಗ (ನಡುವೆ ನಿಂತು ಕುದುರೆಯನ್ನು ತನ್ನ ಸುತ್ತ ನಡೆಸೋ ಉದ್ದ ಹಗ್ಗ). ಆಮೇಲೆ ಹಗ್ಗ ಇಲ್ಲ, ಆದರೆ ಹಿಂಬಾಲಿಸೋಕೆ ಮುಂದೊಂದು ಕುದುರೆ. ಆಮೇಲೆ ಅದೂ ಇಲ್ಲ. ಕೊನೆಗೆ ಪರಿಚಯವಿಲ್ಲದ ಕುದುರೆ. ನಿಮ್ಮಲ್ಲಿರೋ ಜನ, ಜಾಗಕ್ಕೆ ಐದು ಹಂತ ಸಾಕು.

ಒಂದನೇ ಹಂತ, ನೆಲ ಮತ್ತು ಹಗ್ಗ. ಕುದುರೆಯ ಭುಜದ ಕಡೆಯಿಂದ, ಮಾತಾಡಿಸುತ್ತಾ ಹತ್ತಿರ ಹೋಗೋದು. ಹಿಂದಿನಿಂದ ದಾಟಬೇಕಾದರೆ ಒಂದೋ ಕುದುರೆಯ ಹಿಂಭಾಗದ ಮೇಲೆ ಕೈಯಿಟ್ಟು ಮೈಗೆ ಅಂಟಿಕೊಂಡು, ಇಲ್ಲಾ ಒದೆತ ತಲುಪದಷ್ಟು ದೂರದಿಂದ. ನಡುವಿನ ಒಂದು ಮೀಟರ್ ಅಂತರವೇ ಅತಿ ಅಪಾಯದ ಜಾಗ. ಹಾಲ್ಟರ್ (ಕುದುರೆ ತಲೆಗೆ ಹಾಕೋ ಪಟ್ಟಿ) ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಚಿ ಹಿಡಿಯೋದು. ಮೆಟ್ಟಿಲಿನಿಂದ ಹತ್ತೋದು, ಇಳಿಯುವಾಗ ಎರಡೂ ಪಾದ ಮೊದಲು ಸ್ಟಿರಪ್ಪಿನಿಂದ (ಪಾದ ಇಡೋ ಬಳೆ) ತೆಗೆಯೋದು. ನಿಲ್ಲಿಸೋದು, ತಿರುಗಿಸೋದು.

ಈ ಹಂತದ ಒಂದು ಪರೀಕ್ಷೆ ಹೇಳ್ತೀನಿ, ಅದೊಂದರಲ್ಲೇ ಬಹಳ ಗೊತ್ತಾಗುತ್ತೆ. ವಾಕಿನಲ್ಲಿ ಸ್ಟಿರಪ್ ಮೇಲೆ ಎದ್ದು ನಿಂತು, ಏನನ್ನೂ ಹಿಡಿಯದೆ ಹತ್ತು ಹೆಜ್ಜೆ. ಮಗು ಧೊಪ್ ಅಂತ ಹಿಂದಕ್ಕೆ ಕೂತರೆ ಕಾಲು ಮುಂದಕ್ಕೆ ಹೋಗಿದೆ. ಕುತ್ತಿಗೆ ಮೇಲೆ ಮುಗ್ಗರಿಸಿದರೆ ಕಾಲು ಹಿಂದಕ್ಕೆ ಜಾರಿದೆ, ಅಥವಾ ಮೊಣಕಾಲಿನಲ್ಲಿ ಹಿಸುಕಿ ಹಿಡಿದಿದೆ. ಹಿಮ್ಮಡಿ ಸೊಂಟದ ನೇರ ಕೆಳಗಿದ್ದರೆ ಮಾತ್ರ ನಿಲ್ಲೋಕಾಗುತ್ತೆ. ಇದು ಬರದೆ ರೈಸಿಂಗ್ ಟ್ರಾಟ್ ಶುರು ಮಾಡಿದರೆ ಮಗು ಎದ್ದೇಳೋಕೆ ಲಗಾಮನ್ನೇ ಊರುಗೋಲು ಮಾಡಿಕೊಳ್ಳುತ್ತೆ.

ಎರಡನೇ ಹಂತ, ಲಂಜ್. ಇದನ್ನು ಅವಸರದಲ್ಲಿ ದಾಟಿಸೋ ಸ್ಕೂಲುಗಳೇ ಜಾಸ್ತಿ, ಯಾಕಂದ್ರೆ ಒಬ್ಬ ಇನ್‌ಸ್ಟ್ರಕ್ಟರಿಗೆ ಒಂದೇ ಮಗು, ಲೆಕ್ಕ ಗಿಟ್ಟಲ್ಲ. ಆದರೂ ಬಿಡಬೇಡಿ. ಲಗಾಮನ್ನು ಗಂಟು ಹಾಕಿ ಕುತ್ತಿಗೆ ಮೇಲೆ ಬಿಡಿ. ಹಳೆಯ ಸ್ಟಿರಪ್ ಬೆಲ್ಟ್ ಒಂದನ್ನು ಕುದುರೆ ಕುತ್ತಿಗೆಗೆ ಕಟ್ಟಿದರೆ ಮಗುವಿಗೆ ಹಿಡಿಯೋಕೆ ಅದೇ ಸಾಕು. ಪಾಸಾಗೋಕೆ ಬೇಕಾದ್ದು ಇಷ್ಟು: ಎಡ, ಬಲ ಎರಡೂ ಕಡೆಗೆ ಪೂರ್ತಿ ಎರಡೆರಡು ಸುತ್ತು, ಕೈ ಸೊಂಟದ ಮೇಲಿಟ್ಟು ರೈಸಿಂಗ್ ಟ್ರಾಟ್. ಹೇಳಿದಾಗ ಒಂದು ತಾಳ ಹೆಚ್ಚಿಗೆ ಕೂತು ಡಯಾಗನಲ್ (ಕುದುರೆಯ ಯಾವ ಮುಂಗಾಲಿನ ಜೊತೆ ಏಳೋದು ಅನ್ನೋದು) ಬದಲಾಯಿಸೋದು, ಮೂರು ಸಲ. ಸ್ಟಿರಪ್ ಇಲ್ಲದೆ ವಾಕ್, ಮತ್ತೆ ಕೆಳಗೆ ನೋಡದೆ ಸ್ಟಿರಪ್ ಹುಡುಕಿಕೊಳ್ಳೋದು.

ಲಗಾಮು ಬೇಗ ಕೊಟ್ಟರೆ ಏನಾಗುತ್ತೆ ನೋಡಿ. ಮಗು ಪ್ರತಿ ಸಲ ಏಳುವಾಗಲೂ ಕೈ ಮೇಲೆ ಹೋಗುತ್ತೆ, ಬಾಯಿಯ ಕಡಿವಾಣ ಪ್ರತಿ ಸಲವೂ ಹೊಡೆಯುತ್ತೆ. ಕುದುರೆ ತಲೆಯೆತ್ತಿ ಬೆನ್ನು ಕೆಳಕ್ಕೆ ಇಳಿಸುತ್ತೆ. ಬೆನ್ನು ಗಟ್ಟಿಯಾದಷ್ಟೂ ಎಗರಾಟ ಜಾಸ್ತಿ, ಎಗರಾಟ ಜಾಸ್ತಿಯಾದಷ್ಟೂ ಮಗು ಇನ್ನೂ ಬಿಗಿಯಾಗಿ ಎಳೆಯುತ್ತೆ. ಕೈ ತಯಾರಾಗಿದೆಯೋ ಇಲ್ಲವೋ ನೋಡೋಕೆ ಒಂದು ಸಣ್ಣ ಬೆತ್ತವನ್ನು ಎರಡೂ ಹೆಬ್ಬೆರಳುಗಳ ಕೆಳಗೆ ಅಡ್ಡ ಹಿಡಿಸಿ ಟ್ರಾಟ್ ಮಾಡಿಸಿ. ಬೆತ್ತ ಅಡ್ಡಡ್ಡಲೇ ಇದ್ದರೆ ಲಗಾಮು ಕೊಡಬಹುದು. ಒಂದು ತುದಿ ಮೇಲೆದ್ದು ಕುಣೀತಾ ಇದ್ದರೆ ಇನ್ನೂ ಇಲ್ಲ.

ಮೂರನೇ ಹಂತ, ಹಗ್ಗವಿಲ್ಲದ ವಾಕ್, ಟ್ರಾಟ್. ಇಲ್ಲಿ ಅರೀನಾದ ಅಕ್ಷರಗಳು (ಅಂಚಿನಲ್ಲಿ ಗುರುತಿಗೆ ಹಾಕಿರೋ ಎ, ಕೆ, ಇ, ಎಫ್ ಮುಂತಾದವು) ಕೆಲಸಕ್ಕೆ ಬರ್ತವೆ. ಹೇಳಿದ ಅಕ್ಷರದ ಹತ್ತಿರ ಒಂದು ಕುದುರೆಯುದ್ದದೊಳಗೆ ನಿಲ್ಲಿಸೋದು. 20 ಮೀಟರ್ ಅಡ್ಡಳತೆಯ ಸುತ್ತು. ನಿಮ್ಮ 20×40ರಲ್ಲಿ ಎ ಅಕ್ಷರದ ಸುತ್ತು ಮೂಲೆಗೆ ಹೋಗಬಾರದು. ಎ (ಗಿಡ್ಡ ಬದಿಯ ನಡು), ಅರೀನಾದ ನಡುವಿನ ಎಕ್ಸ್, ಮತ್ತೆ ಎರಡೂ ಉದ್ದ ಬದಿಯಲ್ಲಿ ಮೂಲೆಯಿಂದ 10 ಮೀಟರ್ ದೂರದ ಬಿಂದುಗಳನ್ನು ಮುಟ್ಟಬೇಕು. ಕೆ ಮತ್ತು ಎಫ್ ಮೂಲೆಯಿಂದ 6 ಮೀಟರಿಗೆ ಇರೋದರಿಂದ ಅವುಗಳಿಂದ 4 ಮೀಟರ್ ಮುಂದೆ ಒಂದೊಂದು ಕೋನ್ ಇಡಿ. ಕೋನ್ ಇಲ್ಲದಿದ್ದರೆ ಮಕ್ಕಳ ಸುತ್ತು ಮೊಟ್ಟೆಯಾಕಾರ ಆಗುತ್ತೆ, ಗೇಟಿನ ಕಡೆಗೆ ಉಬ್ಬಿರುತ್ತೆ, ಯಾಕಂದ್ರೆ ಕುದುರೆಗೆ ಗೇಟೇ ಇಷ್ಟ.

ಆದರೆ ಈ ಹಂತದ ನಿಜವಾದ ಪರೀಕ್ಷೆ ಸಾಲು ಬಿಟ್ಟು ಹೋಗೋದು. ಸಾಲಿನಲ್ಲಿ ಟ್ರಾಟ್ ಮಾಡ್ತಿರೋ ಮಗು ಇ ಅಕ್ಷರದ ಹತ್ತಿರ ಒಂಟಿಯಾಗಿ ಸಾಲಿನಿಂದ ಹೊರಬಂದು, ಒಂದು 20 ಮೀಟರ್ ಸುತ್ತು ಟ್ರಾಟಿನಲ್ಲೇ ಮುಗಿಸಿ, ಸಾಲಿನ ಕೊನೆಗೆ ಸೇರಬೇಕು. ಕುದುರೆ ಗುಂಪಿನ ಪ್ರಾಣಿ, ಬಿಟ್ಟು ಬರೋಕೆ ಒಪ್ಪಲ್ಲ. ಸಾಲಿನಲ್ಲಿ ಚೆಂದ ಕಾಣ್ತಿದ್ದವರಲ್ಲಿ ಬಹಳ ಜನ ಇಲ್ಲಿ ನಿಂತುಬಿಡ್ತಾರೆ. ನಿಮ್ಮ ಆ ಹುಡುಗಿ ಇಲ್ಲೇ ಸಿಕ್ಕಿಬೀಳ್ತಾಳೆ. ಅವಳಿಗೆ ಬೇಕಾಗಿರೋದು ಕಾಲಿನ ಸೂಚನೆ, ಕ್ಯಾಂಟರ್ ಅಲ್ಲ.

ನಾಲ್ಕು, ಕ್ಯಾಂಟರ್. ಮೊದಲು ಲಂಜಿನಲ್ಲಿ, ಆಮೇಲೆ ಒಬ್ಬೊಬ್ಬರೇ, ಉಳಿದವರು ನಡುವೆ ನಿಂತಿರಬೇಕು. ಮೂಲೆಯಲ್ಲಿ ಅಥವಾ ಸುತ್ತಿನ ಮೇಲೆ ಕೇಳಬೇಕು: ಒಳಗಿನ ಕಾಲು (ಸುತ್ತಿನ ನಡುವಿನ ಕಡೆಯದು) ಗರ್ತ್ (ಜೀನಿನ ಹೊಟ್ಟೆಪಟ್ಟಿ) ಹತ್ತಿರ, ಹೊರಗಿನ ಕಾಲು ಒಂದು ಅಂಗೈ ಹಿಂದಕ್ಕೆ. ತಪ್ಪು ಲೀಡ್ (ಕ್ಯಾಂಟರಿನಲ್ಲಿ ಒಳಗಿನ ಬದಲು ಹೊರಗಿನ ಮುಂಗಾಲು ಮುಂದೆ ಬೀಳೋದು) ಬರೋದಕ್ಕೆ ಸಾಮಾನ್ಯ ಕಾರಣ ಎರಡು. ಮಗು ಲೀಡ್ ನೋಡೋಕೆ ಅಂತ ಒಳಗಿನ ಭುಜದ ಮೇಲೆ ಬಗ್ಗಿರುತ್ತೆ, ಇಲ್ಲಾ ಟ್ರಾಟನ್ನೇ ಓಡಿಸಿ ಓಡಿಸಿ ಕ್ಯಾಂಟರಿಗೆ ಬಿದ್ದಿರುತ್ತೆ. ಎರಡಕ್ಕೂ ಮದ್ದು ಒಂದೇ, ಟ್ರಾಟಿಗೆ ವಾಪಸ್ ಬಂದು ನಿಧಾನವಾಗಿ ಇನ್ನೊಂದು ಸಲ ಕೇಳೋದು. ಓಡುತ್ತಿರುವ ಟ್ರಾಟಿನಿಂದ ಕ್ಯಾಂಟರ್ ಬೇಡವೇ ಬೇಡ. ಪಾಸು: ಎರಡೂ ಕಡೆ ಸರಿಯಾದ ಲೀಡು, ಕೇಳಿದ ಮೇಲೆ ಅರ್ಧ ಉದ್ದ ಬದಿಯೊಳಗೆ ಟ್ರಾಟಿಗೆ ಇಳಿಯೋದು. ಶುರು ಮಾಡೋದಕ್ಕಿಂತ ಇಳಿಸೋದಕ್ಕೆ ಜಾಸ್ತಿ ಮಹತ್ವ ಕೊಡಿ.

ಐದನೇದು ಬೇರೆ ಬೇರೆ ಕುದುರೆ, ಟೂ ಪಾಯಿಂಟ್ (ಜೀನಿನಿಂದ ಎದ್ದು ಸ್ಟಿರಪ್ ಮೇಲೆ ಭಾರ ಹಾಕಿ ಸವಾರಿ), ಪೋಲ್ (ದಾಟೋಕೆ ಇಡೋ ಉದ್ದ ಕಂಬ), ಚಿಕ್ಕ ಜಂಪ್. ಅದರ ಬಗ್ಗೆ ಜಂಪಿಂಗ್ ಕಲಿಸೋರು ಬರೀಲಿ. ಒಂದೇ ವಿನಂತಿ, ಅದಕ್ಕೆ ‘ಅಡ್ವಾನ್ಸ್ಡ್’ ಅಂತ ಹೆಸರಿಡಬೇಡಿ. 12 ವರ್ಷದ ಮಗುವಿನ ತಲೆಗೆ ಆ ಪದ ಹತ್ತಿದರೆ ಇಳಿಸೋದು ಕಷ್ಟ.

---

ಗೊರಸು ಮೊದಲು

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮಕ್ಕಳಿಗೆ ಹಂತ ಮಾಡೋ ಮುಂಚೆ ಕುದುರೆಗಳಿಗೆ ಹಂತ ಮಾಡಿ ಸರ್. ಏಳು ಕುದುರೆಯಲ್ಲಿ ಯಾವುದು ಯಾವ ಹಂತದ ಮಗುವಿಗೆ ಅನ್ನೋದನ್ನು ಲಾಯದ ಬೋರ್ಡಿನ ಮೇಲೆ ಬರೆದು ಹಾಕಬೇಕು. ಇಲ್ಲದಿದ್ದರೆ ಹಂತ ಏನೇ ಇರಲಿ, ಆವತ್ತು ಬೆಳಗ್ಗೆ ಯಾವ ಕುದುರೆ ಖಾಲಿ ಇದೆಯೋ ಅದೇ ಮಗುವಿಗೆ ಸಿಗೋದು.

ರೇಸಿನಿಂದ ಬಂದ ಥರೋಬ್ರೆಡ್ ವಿಷಯ ಪ್ರತ್ಯೇಕವಾಗಿ ಗಮನಿಸಿ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದರೆ ಕುದುರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡೋದನ್ನು ಕಲಿತಿರುತ್ತೆ. ಹೆದರಿದ ಮಗು ಮಾಡೋದೂ ಅದನ್ನೇ, ಬಿಗಿಯಾಗಿ ಎಳೆದು ಹಾಗೇ ಹಿಡಿದುಕೊಳ್ಳೋದು. ಮಗು ‘ನಿಲ್ಲು’ ಅಂತಿದೆ, ಕುದುರೆಗೆ ‘ಹೋಗು’ ಅಂತ ಕೇಳಿಸ್ತಿದೆ. ಇನ್ನೊಂದು, ಜಾಕಿಯ ಕಾಲು ಮೇಲಕ್ಕೆ ಮಡಚಿರುತ್ತೆ. ಪಕ್ಕೆಗೆ ತಾಗಿ ತೂಗಾಡೋ ಕಾಲು ಈ ಕುದುರೆಗಳಿಗೆ ಹೊಸದು. ಜಾಕಿಯನ್ನು ಕೆಳಗಿನಿಂದ ಎತ್ತಿ ಕೂರಿಸ್ತಾರೆ, ಕುದುರೆ ನಡೀತಿರುವಾಗಲೇ. ಹಾಗಾಗಿ ಮೆಟ್ಟಿಲ ಹತ್ತಿರ ಅಲುಗಾಡದೆ ನಿಲ್ಲೋದನ್ನೂ ಇವಕ್ಕೆ ಹೊಸದಾಗಿ ಕಲಿಸಬೇಕು. ಲಗಾಮು ಸಡಿಲಿಸಿದರೆ ನಿಧಾನವಾಗೋದು, ದನಿಗೆ ನಿಲ್ಲೋದು, ಲಂಜಿನಲ್ಲಿ ಒಂದೇ ಲಯದ ಟ್ರಾಟ್, ಇಷ್ಟೂ ಬರೋವರೆಗೆ ನಿಮ್ಮ ನಾಲ್ಕು ಥರೋಬ್ರೆಡ್‌ಗಳಲ್ಲಿ ಒಂದನ್ನೂ ನಾಲ್ಕನೇ ಹಂತಕ್ಕಿಂತ ಕೆಳಗಿನ ಮಕ್ಕಳಿಗೆ ಕೊಡಬೇಡಿ.

ತೂಕ. ಸವಾರ ಮತ್ತು ಜೀನು ಸೇರಿ ಕುದುರೆ ತೂಕದ 15ರಿಂದ 20 ಶೇಕಡಾ ಮೀರಬಾರದು ಅನ್ನೋದು ಸಾಮಾನ್ಯ ಲೆಕ್ಕ. ಹೊಸಬರು ಬೆನ್ನ ಮೇಲೆ ಕುಕ್ಕುತ್ತಾರಾದ್ದರಿಂದ ಅವರಿಗೆ 15ನ್ನೇ ಇಟ್ಟುಕೊಳ್ಳಿ. ನಿಮ್ಮ ಪೋನಿ 220 ಕಿಲೋ ಇದ್ದರೆ ಒಟ್ಟು 33 ಕಿಲೋ, ಜೀನಿಗೆ 5 ತೆಗೆದರೆ ಮಗು 28 ಕಿಲೋ ಒಳಗೆ. ಅಂದರೆ ಹನ್ನೆರಡು ಹದಿಮೂರನೇ ವಯಸ್ಸಿಗೆ ಹೊಸದಾಗಿ ಸೇರುವ ಮಗುವಿಗೆ ನಿಮ್ಮಲ್ಲಿ ಮೊದಲ ಹಂತದ ಕುದುರೆಯೇ ಇಲ್ಲ! ಮಾರ್ವಾಡಿ ಶಾಂತ ಸ್ವಭಾವದ್ದಾದರೆ ಅದನ್ನು ಈ ಕೆಲಸಕ್ಕೇ ಮೀಸಲಿಡಿ.

ಲಂಜ್ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯ. ಒಂದೇ ಸುತ್ತಿನಲ್ಲಿ ತಿರುಗೋದು ಕುದುರೆಯ ಕೀಲುಗಳಿಗೆ ಹೊರೆ. ಒಂದು ಮಗುವಿಗೆ 15 ನಿಮಿಷ, ನಡುವೆ ದಿಕ್ಕು ಬದಲಾಯಿಸಿ. ಒಂದು ಕುದುರೆಗೆ ದಿನಕ್ಕೆ ಇಂಥ ಎರಡು ಸಾಕು. ದುಂಡು ಆವರಣ 15 ಮೀಟರಿಗಿಂತ ಚಿಕ್ಕದಿದ್ದರೆ ಅಲ್ಲಿ ಟ್ರಾಟ್ ಬೇಡ, ಅರೀನಾದ ಒಂದು ತುದಿಯಲ್ಲೇ ಮಾಡಿ. ಕ್ಲಾಸುಗಳು ಸೇರಿ ಪ್ರತಿ ಕುದುರೆಗೆ ದಿನಕ್ಕೆ ಎರಡು ಗಂಟೆ, ವಾರಕ್ಕೊಂದು ಪೂರ್ತಿ ರಜೆ. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ 9ರೊಳಗೆ ಮುಗಿಸಿ.

ಜೀನು ಕಟ್ಟುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರೋ ಕುದುರೆಯನ್ನು ‘ಕೆಟ್ಟ ಕುದುರೆ’ ಅಂತ ಮಕ್ಕಳಿಗೆ ಹೇಳಿಕೊಡಬೇಡಿ. ಮೊದಲು ಗರ್ತ್ ಉಜ್ಜಿ ಗಾಯವಾಗಿದೆಯಾ ನೋಡಿ, ಆಮೇಲೆ ಬೆನ್ನು ಒತ್ತಿ ನೋಡಿ. ಥರೋಬ್ರೆಡ್‌ಗಳ ಭುಜದ ಮೇಲಿನ ಮೂಳೆ ಎತ್ತರ. ಸವಾರ ಕೂತಾಗಲೂ ಜೀನಿನ ಮುಂಭಾಗಕ್ಕೂ ಆ ಮೂಳೆಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಇದನ್ನು ಮೂರನೇ ಹಂತದ ಮಕ್ಕಳೇ ನೋಡಿ ಹೇಳುವಂತಿರಬೇಕು. ಆ ಲಗಾಮು ಕೊಟ್ಟು ಓಡಿಹೋಗೋ ಹುಡುಗನಿಗೆ ಇದೇ ಮೊದಲ ಪಾಠ.

---

ಮರಳ ಅಂಗಳ

ಎಮರ್ಜೆನ್ಸಿ ಡಿಸ್‌ಮೌಂಟನ್ನು ಒಂದನೇ ಹಂತದಲ್ಲೇ ಸೇರಿಸಿ. ಎರಡೂ ಪಾದ ಬಿಡಿಸಿ, ಕೈ ಕುತ್ತಿಗೆ ಬುಡದ ಮೇಲೆ ಒತ್ತಿ, ಕಾಲು ಹಿಂದಿನಿಂದ ಬೀಸಿ, ಮೊಣಕಾಲು ಮಡಚಿ ಇಳಿಯೋದು. ಇದು ಬಾರದ ಮಗುವಿನ ಹಗ್ಗ ಬಿಚ್ಚಬಾರದು.

ಹೊರಗಿನ ಲಗಾಮು

ಅರ್ಧ ಒಪ್ತೀನಿ. ಪೋನಿ ಮೇಲೆ, ನಿಂತಿರುವಾಗ ಮತ್ತು ವಾಕಿನಲ್ಲಿ ಕಲಿಸಿ, ಇಳಿಯೋ ಕ್ರಮ ಮೈಗೆ ಹತ್ತುತ್ತೆ. ಆದರೆ ಅದನ್ನೇ ಉತ್ತರ ಅಂತ ಕಲಿಸಿದರೆ ಕುದುರೆ ಒಂದು ಸಲ ಬೆಚ್ಚಿದ ಕೂಡಲೇ ಮಗು ಜಿಗಿದುಬಿಡುತ್ತೆ. 16 ಹ್ಯಾಂಡ್ ಅಂದರೆ ಭುಜದ ಹತ್ತಿರವೇ ಸುಮಾರು 163 ಸೆಂಟಿಮೀಟರ್. ಅಷ್ಟೆತ್ತರದಿಂದ ಕ್ಯಾಂಟರಿನಲ್ಲಿ ಜಿಗಿದರೆ ಕೂತೇ ಇರೋದಕ್ಕಿಂತ ಹೆಚ್ಚು ಪೆಟ್ಟು. ಕುದುರೆ ಓಡಿದಾಗ ಮಗುವಿನ ಮೊದಲ ಕೆಲಸ ಹಿಂದಕ್ಕೆ ನೆಟ್ಟಗೆ ಕೂತು, ಒಂದು ಕೈ ಕುತ್ತಿಗೆ ಪಟ್ಟಿಗೆ, ಇನ್ನೊಂದರಲ್ಲಿ ಎಳೆದು ಬಿಟ್ಟು ಎಳೆದು ಬಿಟ್ಟು ಕುದುರೆಯನ್ನು ದುಂಡಗೆ ತಿರುಗಿಸೋದು. ಸುತ್ತು ಚಿಕ್ಕದಾದಷ್ಟೂ ವೇಗ ತಾನಾಗಿ ಇಳಿಯುತ್ತೆ. ತಲೆಯನ್ನು ಒಮ್ಮೆಗೇ ಎಳೆದು ತಿರುಗಿಸಿದರೆ ಕುದುರೆಯೇ ಕಾಲು ತಪ್ಪಿ ಬೀಳಬಹುದು, ಅದನ್ನೂ ಹೇಳಿಕೊಡಬೇಕು. ಇದನ್ನು ವಾಕಿನಲ್ಲಿ, ಆಮೇಲೆ ಟ್ರಾಟಿನಲ್ಲಿ, ಪ್ರತಿ ತಿಂಗಳೂ ಅಭ್ಯಾಸ ಮಾಡಿಸಿ.

ಮರಳ ಅಂಗಳ

ಸರಿ, ಸುತ್ತಿನ ಅಭ್ಯಾಸ ಮೊದಲು, ಇಳಿಯೋದು ಆಮೇಲೆ. ಜೊತೆಗೆ ಪಕ್ಕದಲ್ಲಿ ರಬ್ಬರ್ ಇರೋ ಸ್ಟಿರಪ್ಪನ್ನೇ ಮಕ್ಕಳಿಗೆ ಹಾಕಿ, ಬಿದ್ದಾಗ ರಬ್ಬರ್ ಕಳಚಿ ಪಾದ ಹೊರಬರುತ್ತೆ. ರಬ್ಬರ್ ಹೊರಗಡೆಗೆ ಬರಬೇಕು, ಒಳಗಡೆಗೆ ಹಾಕಿರೋದನ್ನು ಎಷ್ಟೋ ಕಡೆ ನೋಡಬಹುದು. ಸ್ಟಿರಪ್ಪಿನ ಅಗಲ ಬೂಟಿನ ಅಗಲಕ್ಕಿಂತ ಸುಮಾರು ಎರಡೂವರೆ ಸೆಂಟಿಮೀಟರ್ ಜಾಸ್ತಿ. ಅದಕ್ಕಿಂತ ಕಿರಿದಾದರೆ ಸಿಕ್ಕಿಕೊಳ್ಳುತ್ತೆ, ತೀರಾ ಅಗಲವಾದರೆ ಪಾದವೇ ತೂರಿಹೋಗುತ್ತೆ. ಹಿಮ್ಮಡಿ ಇಲ್ಲದ ಸ್ಪೋರ್ಟ್ಸ್ ಶೂ ಬೇಡ. ಹೆಲ್ಮೆಟ್ ಕುದುರೆ ಸವಾರಿಯದ್ದೇ ಆಗಬೇಕು, ಸೈಕಲ್ಲಿನದು, ಕ್ರಿಕೆಟ್ಟಿನದು ನಡೆಯಲ್ಲ. ಬಿದ್ದು ತಲೆ ನೆಲಕ್ಕೆ ತಗುಲಿದರೆ ಹೊರಗೆ ಬಿರುಕು ಕಾಣದಿದ್ದರೂ ಆ ಹೆಲ್ಮೆಟ್ ತೆಗೆದುಹಾಕಿ. ಒಳಗಿನ ಫೋಮ್ ಒಂದು ಸಲ ಕುಗ್ಗಿದರೆ ಮತ್ತೆ ಉಬ್ಬಲ್ಲ.

---

ಲಾಯದ ಲೆಕ್ಕ

ಎಲ್ಲರಿಗೂ ಧನ್ಯವಾದ. ಕುದುರೆಗೂ ಹಂತ ಅನ್ನೋದು ತಲೆಗೇ ಹೊಳೆದಿರಲಿಲ್ಲ. ಇನ್ನು ಮಾರ್ಕ್ಸ್ ಹೇಗೆ ಹಾಕೋದು? ನೂರಕ್ಕೆ ಇಷ್ಟು ಅಂತಲಾ? ಪರೀಕ್ಷೆ ರಜೆ ಮುಗಿಸಿ ಎರಡು ತಿಂಗಳಾದ ಮೇಲೆ ಬರೋ ಮಕ್ಕಳನ್ನು ಎಲ್ಲಿಂದ ಶುರು ಮಾಡಿಸೋದು?

---

ಸಾಲಿನ ಕೊನೆ

ನೂರಕ್ಕೆ ಇಷ್ಟು ಅಂತ ಹಾಕಲೇಬೇಡಿ. ಶೇಕಡಾ ಲೆಕ್ಕದಲ್ಲಿ ರೈಸಿಂಗ್ ಟ್ರಾಟ್ ಸೊಗಸಾಗಿರೋ ಮಗು ಗರ್ತ್ ನೋಡೋದನ್ನು ಮರೆತರೂ ಪಾಸಾಗುತ್ತೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡಬಾರದು.

ಪ್ರತಿ ಹಂತಕ್ಕೆ ಎಂಟರಿಂದ ಹತ್ತು ಅಂಶಗಳ ಒಂದು ಕಾರ್ಡ್ ಮಾಡಿ, ಎ5 ಗಾತ್ರ, ದಪ್ಪ ಕಾಗದ. ಪ್ರತಿ ಅಂಶದ ಮುಂದೆ ಮೂರೇ ಕಾಲಂ: ಹಿಡಿದು ಮಾಡಿಸಿದ್ದು, ಹೇಳಿದ ಮೇಲೆ ಮಾಡಿದ್ದು, ತಾನಾಗಿ ಮಾಡಿದ್ದು. ಮೂರನೇ ಕಾಲಂನಲ್ಲಿ ಎರಡು ಬೇರೆ ದಿನದ ತಾರೀಖು ಬಿದ್ದರೆ ಆ ಅಂಶ ಮುಗೀತು. ಮೂರನೇ ಹಂತದಿಂದ ಮೇಲೆ ಆ ಎರಡು ತಾರೀಖು ಎರಡು ಬೇರೆ ಕುದುರೆ ಮೇಲೆ ಆಗಿರಬೇಕು, ಕುದುರೆ ಹೆಸರನ್ನೂ ಬರೀರಿ. ವರ್ಷದ ಕೊನೆಗೆ ಕಾರ್ಡುಗಳನ್ನು ಗುಡ್ಡೆ ಹಾಕಿ ನೋಡಿದರೆ ಎಲ್ಲರೂ ಯಾವ ಕುದುರೆ ಮೇಲೆ ಪಾಸಾಗಿದ್ದಾರೆ ಅಂತ ಕಾಣುತ್ತೆ. ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ಪರೀಕ್ಷೆ ಬರೆದದ್ದು ಯಾರು ಅಂತ ಅರ್ಥವಾಗುತ್ತೆ.

ಅಂಶಗಳನ್ನು ಬರೆಯುವಾಗ ‘ಉತ್ತಮ ಸಮತೋಲನ’, ‘ಆತ್ಮವಿಶ್ವಾಸ’ ಅಂತೆಲ್ಲ ಬರೀಬೇಡಿ. ಇಬ್ಬರು ಇನ್‌ಸ್ಟ್ರಕ್ಟರ್ ಬೇಲಿಯ ಹೊರಗೆ ನಿಂತು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಉತ್ತರ ಬರೆಯುವಂತಿದ್ದರೆ ಅದು ಅಂಶ. ‘ಹತ್ತಿದ ಮೇಲೆ ಮತ್ತು ಐದು ನಿಮಿಷ ವಾಕ್ ಆದ ಮೇಲೆ ಗರ್ತ್ ಮತ್ತೆ ನೋಡಿದ’ ಅನ್ನೋದು ಅಂಶ. ಕೆಲವು ಕುದುರೆ ಕಟ್ಟುವಾಗ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಎರಡನೇ ಸಲ ನೋಡದಿದ್ದರೆ ಜೀನು ಪಕ್ಕಕ್ಕೆ ಜಾರುತ್ತೆ.

ಪರೀಕ್ಷೆ ತಗೊಳ್ಳೋರು ಆ ಮಗುವಿಗೆ ಕಲಿಸಿದವರಾಗಿರಬಾರದು. ನಿಮ್ಮಲ್ಲಿ ಇಬ್ಬರಿದ್ದಾರೆ, ಅದಲು ಬದಲಾಗಲಿ. ಇನ್ನೊಂದು ಸೂಕ್ಷ್ಮ: ಸ್ಕೂಲ್ ಕುದುರೆಗಳು ಇನ್‌ಸ್ಟ್ರಕ್ಟರ್ ದನಿಗೆ ಪಳಗಿರುತ್ತವೆ. ನೀವು ‘ಟ್ರಾಟ್’ ಅನ್ನೋದೇ ತಡ, ಮಗು ಕಾಲು ಹಾಕೋ ಮುಂಚೆಯೇ ಕುದುರೆ ಹೊರಟಿರುತ್ತೆ. ಆದ್ದರಿಂದ ಪರೀಕ್ಷೆ ದಿನ ಬಾಯಲ್ಲಿ ಹೇಳಬೇಡಿ. ಹಲಗೆ ಮೇಲೆ 1, 2, 3 ಅಂತ ಬರೆದು, ಮಗುವಿಗೆ ಮೊದಲೇ ಕ್ರಮ ಹೇಳಿಕೊಟ್ಟು, ಅಂಕಿ ಎತ್ತಿ ತೋರಿಸಿ. ಆಗ ಕೂತಿರೋದು ಸವಾರನೋ ಪ್ರಯಾಣಿಕನೋ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ.

ರಜೆಯಿಂದ ಬಂದವರ ಕಾರ್ಡ್ ಹಾಗೇ ಇರಲಿ, ಹಂತ ಇಳಿಸಬೇಡಿ. ಮೊದಲ ಕ್ಲಾಸನ್ನು ಒಂದು ಹಂತ ಕೆಳಗಿನ ಕುದುರೆ ಮೇಲೆ, ಮೊದಲ ಹತ್ತು ನಿಮಿಷ ಲಂಜಿನಲ್ಲಿ ಮಾಡಿಸಿ. ಹತ್ತು ಹನ್ನೊಂದರ ನಂತರ ಮಕ್ಕಳು ಧಿಡೀರ್ ಅಂತ ಬೆಳೀತಾರೆ. ಕಾಲು ಉದ್ದವಾಗಿ, ಸ್ಟಿರಪ್ ಹಳೆಯ ತೂತಿನಲ್ಲೇ ಇದ್ದರೆ ‘ಮರೆತುಹೋಗಿದಾನೆ’ ಅಂತ ಅನ್ನಿಸುತ್ತೆ. ಎರಡು ತೂತು ಇಳಿಸಿದರೆ ಅರ್ಧ ಮರೆವು ಹೋಗಿರುತ್ತೆ.

ಅಪ್ಪ ಅಮ್ಮಂದಿರಿಗೆ ಮುಂದಿನ ಹಂತ ಯಾವಾಗ ಅಂತ ಹೇಳಬೇಡಿ, ಕಾರ್ಡಿನಲ್ಲಿ ಖಾಲಿ ಇರೋ ಮುಂದಿನ ಮನೆ ಯಾವುದು ಅಂತ ತೋರಿಸಿ. ಎರಡರಿಂದ ಮೂರಕ್ಕೆ ಹೋಗೋ ದಾರಿ ಉದ್ದ, ಮಕ್ಕಳು ಬೇಸತ್ತು ಬಿಡೋದೂ ಅಲ್ಲೇ. ಆ ನಡುವೆ ಲಾಯದ ಕೆಲಸಕ್ಕೆ ಬೇರೆ ಬಣ್ಣದ ರಿಬ್ಬನ್ ಕೊಡಿ. ಪರೀಕ್ಷೆಗೆ ಪ್ರತ್ಯೇಕ ಫೀಸ್ ಬೇಡ. ಫೀಸ್ ತಗೊಂಡು ಫೇಲ್ ಮಾಡೋ ಧೈರ್ಯ ಯಾವ ಸ್ಕೂಲಿಗೂ ಬಹಳ ದಿನ ಇರಲ್ಲ.

---

ಹುರುಳಿ ಚೀಲ

ಹೊರದೇಶದ ಪಟ್ಟಿಗಳ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನ ಪೋನಿ ಕ್ಲಬ್ 1929ರಲ್ಲಿ ಶುರುವಾದದ್ದು. ಅದರ ಪರೀಕ್ಷೆಗಳು ಇ, ಡಿ ಇಂದ ಮೇಲೇರಿ ಎ ತನಕ ಹೋಗುತ್ತವೆ. ಫ್ರಾನ್ಸಿನಲ್ಲಿ ಗ್ಯಾಲೋ 1ರಿಂದ 7. ಜರ್ಮನಿಯದು ಉಲ್ಟಾ, 10ರಿಂದ ಶುರುವಾಗಿ 1ಕ್ಕೆ ಬರುತ್ತೆ. ಮೂರರಲ್ಲೂ ಒಂದು ಸಾಮಾನ್ಯ ಗುಣ: ಸವಾರಿ ಮತ್ತು ಕುದುರೆಯ ಆರೈಕೆ ಎರಡೂ ಒಂದೇ ಹಂತದೊಳಗೆ ಬರುತ್ತವೆ, ಆರೈಕೆ ಬಾರದೆ ಮೇಲಕ್ಕೆ ಹೋಗುವಂತಿಲ್ಲ. ಅದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಆದರೆ ಆರೈಕೆಯ ಒಳವಿವರ ಅವರದ್ದು ಬೇಡ. ಚಳಿಗಾಲದ ಕಂಬಳಿ ಹೊದಿಸೋದು, ಹುಲ್ಲುಗಾವಲಿನ ನಿರ್ವಹಣೆ ನಮ್ಮ ಮಕ್ಕಳಿಗೆ ಯಾಕೆ? ಇಲ್ಲಿಗೆ ಬೇಕಾದ್ದು ಬಿಸಿಲು, ಮಳೆ, ಉಣ್ಣಿ (ರಕ್ತ ಹೀರೋ ಹುಳ). ಮಳೆಗಾಲದಲ್ಲಿ ಗೊರಸು ಕೊಳೆಯೋದು ನಮ್ಮ ಕಡೆ ದೊಡ್ಡ ತಲೆನೋವು. ಗೊರಸಿನ ಅಡಿಯಲ್ಲಿ ನಡುವೆ ಇರೋ ತ್ರಿಕೋನದ ಮೆತ್ತನೆ ಭಾಗ, ಅದರ ಎರಡೂ ಪಕ್ಕದ ಗೀರುಗಳನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ತೆಗೆಯಬೇಕು. ಕಪ್ಪಗೆ ಜಿಗುಟು, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬಂದರೆ ಹೇಳಬೇಕು. ಎಂಟು ವರ್ಷದ ಮಗುವೂ ಮೂಗಿನಿಂದಲೇ ಪತ್ತೆ ಮಾಡುತ್ತೆ. ಇದನ್ನು ಎರಡನೇ ಹಂತಕ್ಕೆ ಹಾಕಿ. ಗೊರಸು ಎತ್ತುವಾಗ ಮಗು ಮಂಡಿಯೂರಬಾರದು, ಬಗ್ಗಿಯೇ ನಿಂತಿರಬೇಕು.

ನಾಲ್ಕನೇ ಹಂತದಲ್ಲಿ ಮೂರು ಅಂಕಿ ಬಾಯಿಪಾಠ ಇರಲಿ. ವಿಶ್ರಾಂತಿಯಲ್ಲಿ ಉಸಿರು ನಿಮಿಷಕ್ಕೆ 8ರಿಂದ 16, ನಾಡಿ 28ರಿಂದ 44, ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಪಕ್ಕೆ ಏರಿಳಿಯೋದನ್ನು ನೋಡಿ ಉಸಿರು ಎಣಿಸೋದು ಹತ್ತು ವರ್ಷದವರಿಗೆ ಸುಲಭ. ಕೆಲಸ ಮುಗಿಸಿ ಹತ್ತು ನಿಮಿಷ ನಡೆಸಿದ ಮೇಲೂ ಉಸಿರು ಇಳಿಯದಿದ್ದರೆ ಮೈಗೆ ನೀರು ಹಾಕಿ, ನೆರಳಿನಲ್ಲಿ ನಿಲ್ಲಿಸಿ, ದೊಡ್ಡವರನ್ನು ಕರೆಯೋದು. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡೋದು, ಕಾಲಿನಿಂದ ನೆಲ ಕೆರೆಯೋದು, ಹೊರಳಾಡೋದು, ಲದ್ದಿ ಹಾಕದೆ ಇರೋದು, ಇವು ಹೊಟ್ಟೆನೋವಿನ ಲಕ್ಷಣ ಅಂತ ಎಲ್ಲ ಹಂತದವರಿಗೂ ಗೊತ್ತಿರಲಿ. ಹುರುಳಿ ತಿನ್ನಿಸೋ ಆಸೆ ಮಕ್ಕಳಿಗೆ ಜಾಸ್ತಿ. ಕೆಲಸದ ಬೆನ್ನಿಗೇ ಹುರುಳಿಯ ಬಕೆಟ್ ಇಡಬಾರದು ಅನ್ನೋದು ಒಂದನೇ ಹಂತದ ಪಾಠ.

ಈ ಭಾಗವನ್ನು ಸೈಸ್‌ಗಳಿಂದಲೇ ಕಲಿಸಿ, ಕಾರ್ಡಿಗೆ ಅವರೇ ಸಹಿ ಹಾಕಲಿ. ಮಕ್ಕಳು ಅವರನ್ನು ‘ಅಣ್ಣ’ ಅಂತ ಕರೆದು ಕೇಳಿ ಕಲಿಯೋದು ಶುರುವಾದರೆ ಲಗಾಮು ಎಸೆದು ಹೋಗೋ ಚಾಳಿ ತಾನಾಗಿ ನಿಲ್ಲುತ್ತೆ.

---

ಕ್ರಾಸ್ ಪೋಲ್

ಜಂಪಿಂಗ್ ಬಗ್ಗೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ (ಮೂರು ಬಗೆಯ ಸವಾರಿ ಸೇರಿದ ಸ್ಪರ್ಧೆ) ಬೆಳ್ಳಿ ಗೆದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋದ ಮೇಲೆ ಇಲ್ಲಿನ ಮಕ್ಕಳಿಗೆಲ್ಲ ಜಂಪಿಂಗ್ ಹುಚ್ಚು. ಈವೆಂಟಿಂಗ್‌ನ ಮೊದಲ ಭಾಗವೇ ಡ್ರೆಸಾಜ್ (ಅರೀನಾದಲ್ಲಿ ಗೊತ್ತುಪಡಿಸಿದ ಚಲನೆಗಳನ್ನು ನಿಖರವಾಗಿ ಮಾಡಿಸೋದು) ಅಂತ ಅವರಿಗೆ ಹೇಳಿ. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತ ಚಿನ್ನ ಗೆದ್ದದ್ದೂ ಡ್ರೆಸಾಜ್ ತಂಡ ವಿಭಾಗದಲ್ಲಿ, ಒಂದು ಪೋಲನ್ನೂ ಹಾರದೆ.

ಕ್ರಮ ಹೀಗಿರಲಿ. ಸ್ಟಿರಪ್ ಎರಡು ತೂತು ಮೇಲೆ. ಟೂ ಪಾಯಿಂಟಿನಲ್ಲಿ ಟ್ರಾಟ್, ಜೂಲು ಅಥವಾ ಕುತ್ತಿಗೆ ಪಟ್ಟಿ ಹಿಡಿದು ಒಂದು ಪೂರ್ತಿ ಸುತ್ತು, ಆಮೇಲೆ ಹಿಡಿಯದೆ. ನೆಲದ ಮೇಲೆ ಒಂದೇ ಪೋಲ್, ವಾಕಿನಲ್ಲಿ. ಆಮೇಲೆ ಟ್ರಾಟಿಗೆ ಮೂರು ಪೋಲ್. ಎರಡೇ ಪೋಲ್ ಇಟ್ಟರೆ ಕುದುರೆ ಎರಡನ್ನೂ ಸೇರಿಸಿ ಒಂದೇ ನೆಗೆತ ಹಾಕೋ ಸಾಧ್ಯತೆ ಇದೆ, ಒಂದು ಇಲ್ಲಾ ಮೂರು. ನಿಮ್ಮ ಥರೋಬ್ರೆಡ್‌ಗಳಿಗೆ ಟ್ರಾಟ್ ಅಂತರ ಸುಮಾರು 1.3 ಮೀಟರ್. ಕುದುರೆಯ ಹಿಂಗಾಲಿನ ಗುರುತು ಎರಡು ಪೋಲ್‌ಗಳ ಸರಿಯಾಗಿ ನಡುವೆ ಬಿದ್ದಿದೆಯಾ ಅಂತ ಮರಳಿನ ಮೇಲೆ ನೋಡಿ, ಅದರ ಪ್ರಕಾರ ಹತ್ತು ಸೆಂಟಿಮೀಟರ್ ಆಚೀಚೆ ಮಾಡಿ.

ಕ್ರಾಸ್ ಪೋಲ್ (ಎರಡು ಪೋಲ್ ಕತ್ತರಿಯಾಕಾರದಲ್ಲಿ ಇಟ್ಟ ಜಂಪ್) ನಡುವೆ 30 ಸೆಂಟಿಮೀಟರ್ ಎತ್ತರ, ಅದಕ್ಕೆ 2.5 ಮೀಟರ್ ಮುಂಚೆ ನೆಲದ ಮೇಲೊಂದು ಪೋಲ್, ಟ್ರಾಟಿನಲ್ಲಿ ಬರೋದು. ನೆಲದ ಮೇಲಿನ ಆ ಪೋಲಿನಿಂದಾಗಿ ಕುದುರೆ ಸರಿಯಾದ ಜಾಗದಿಂದಲೇ ಎದ್ದೇಳುತ್ತೆ, ಮಗು ಲೆಕ್ಕ ಹಾಕಬೇಕಾಗಿಲ್ಲ. ಇಲ್ಲಿ ಎಲ್ಲ ಮಕ್ಕಳೂ ಮಾಡೋ ತಪ್ಪು ಕುದುರೆಗಿಂತ ಮುಂಚೆ ತಾವೇ ಹಾರೋದು. ಮೈ ಮುಂದಕ್ಕೆ ಎಸೆದ ಕ್ಷಣ ಕುದುರೆ ನಿಂತರೆ ಮಗು ಆಚೆ ಬದಿಯಲ್ಲಿರುತ್ತೆ. ‘ಕಾಯು, ಕುದುರೆ ನಿನ್ನನ್ನು ಎತ್ತಲಿ’ ಅನ್ನಿ. ಇನ್ನೊಂದು, ಹಿಂದೆ ಬಿದ್ದು ಲಗಾಮಿಗೆ ಜೋತುಬೀಳೋದು. ಎರಡಕ್ಕೂ ಜೂಲು ಹಿಡಿಸಿ. ಕಿವಿ ಕಡೆಯಿಂದ ಅಲ್ಲ, ಕುತ್ತಿಗೆಯ ನಡುಭಾಗದಲ್ಲಿ.

ಪಾಸು: ಎರಡು ಕುದುರೆ ಮೇಲೆ, ಎರಡೂ ದಿಕ್ಕಿನಿಂದ, ಹಾರಿದ ಮೇಲೆ ನೇರ ಐದು ಹೆಜ್ಜೆ ಹೋಗಿ ಹೇಳಿದ ಜಾಗದಲ್ಲಿ ವಾಕಿಗೆ ಬರೋದು. ಹಾರಿದ ಮೇಲಿನ ಐದು ಹೆಜ್ಜೆಯನ್ನೇ ಹೆಚ್ಚು ನೋಡಿ. 60 ಸೆಂಟಿಮೀಟರ್ ದಾಟೋದನ್ನು ಈ ಐದು ಹಂತಗಳ ಆಚೆಗಿಡಿ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮದಲ್ಲೇ ಚಿಲ್ಡ್ರನ್ ವಿಭಾಗ ಶುರುವಾಗೋದು 12ನೇ ವಯಸ್ಸಿನಿಂದ, ಎಂಟು ವರ್ಷದವರಿಗೆ ಏನು ಅವಸರ?

---

ಲಾಯದ ಲೆಕ್ಕ

ಇದೊಂದು ಹೇಳಿಬಿಡಿ ಸರ್. ಒಂದೇ ಕ್ಲಾಸಿನಲ್ಲಿ ಪೋನಿ ಮತ್ತು 16 ಹ್ಯಾಂಡ್ ಕುದುರೆ ಎರಡೂ ಇದ್ದರೆ ಟ್ರಾಟ್ ಪೋಲ್ ಅಂತರ ಎಷ್ಟಿಡೋದು? ನಡುವಿನ ಅಳತೆ ನಡೆಯುತ್ತಾ?

ಕ್ರಾಸ್ ಪೋಲ್

ನಡೆಯಲ್ಲ. 1.15 ಮೀಟರ್ ಇಟ್ಟರೆ ದೊಡ್ಡ ಕುದುರೆ ಪೋಲ್ ತುಳಿಯುತ್ತೆ. ದುಂಡು ಪೋಲ್ ಕಾಲ ಕೆಳಗೆ ಉರುಳಿದರೆ ಕೀಲು ತಿರುಚೋದು ಅಲ್ಲೇ. 1.3 ಇಟ್ಟರೆ ಪೋನಿ ಮಧ್ಯೆ ಇನ್ನೊಂದು ಹೆಜ್ಜೆ ತುರುಕುತ್ತೆ, ಮೇಲಿರೋ ಮಗುವಿನ ಲಯ ಹೋಗುತ್ತೆ. ಎರಡು ಸಾಲು ಇಡಿ: ಒಂದು ಉದ್ದ ಬದಿಯಲ್ಲಿ ಪೋನಿಗೆ 1.05 ಮೀಟರಿನಲ್ಲಿ ಮೂರು, ಎದುರು ಬದಿಯಲ್ಲಿ ಕುದುರೆಗೆ 1.3ರಲ್ಲಿ ಮೂರು, ಎರಡೂ ಗೋಡೆಯಿಂದ 3 ಮೀಟರ್ ಒಳಗೆ, ಬೇಡದವರು ಹೊರಗಿನ ದಾರಿಯಿಂದ ದಾಟಿಹೋಗುವಂತೆ. ಪೋನಿ ಸಾಲಿಗೆ ಬೇರೆ ಬಣ್ಣ ಬಳಿದುಬಿಡಿ. ಪೋಲ್ ಉರುಳದಂತೆ ಎರಡೂ ತುದಿಗೆ ಮರಳು ತುಂಬಿದ ಸಣ್ಣ ಚೀಲ ಒತ್ತಿಡಿ.